ದಿನಾ ಸೊನ್ನೆ ಬರೆಯುತ್ತಿದ್ದ ಹುಡುಗ

ಗುರುತು ಸಿಗಬಾರದೆಂದು ವಯಸ್ಸು, ಮನೆಯ ವಿವರ ಬದಲಿಸಿದ್ದೇನೆ. ಬರೆಯಲು ಅವನು ಒಪ್ಪಿದ್ದಾನೆ. ನನ್ನ ಮುಂದೆ ಕೂತಾಗ ಕರೆಯುತ್ತಿದ್ದ ಹಾಗೆ ಇಲ್ಲಿಯೂ ‘ತಮ್ಮ’ ಎಂದೇ ಕರೆಯುತ್ತೇನೆ.

ವಿಜಯಪುರ, ಬಾಗಲಕೋಟೆ ಸೀಮೆಯಲ್ಲಿ ಸೈಕ್ಲಿಂಗ್ ಅಂದರೆ ರಜಾದಿನದ ಹವ್ಯಾಸವಲ್ಲ. ಪದಕ ಬಂದರೆ ಕ್ರೀಡಾ ಕೋಟಾದಲ್ಲಿ ರೈಲ್ವೆ ನೌಕರಿ ಸಿಕ್ಕೀತು ಎಂದು ಒಣಬೇಸಾಯದ ಮನೆಗಳು ಸಾಲ ಮಾಡಿ ಸೈಕಲ್ ಕೊಡಿಸುತ್ತವೆ. ತಮ್ಮನ ಮನೆಯೂ ಅಂಥದ್ದೇ. ವಯಸ್ಸು 19. ಬೆಳಗಿನ ಅಭ್ಯಾಸದಲ್ಲಿ ತಿರುವಿನಲ್ಲಿ ನಾಯಿ ಅಡ್ಡ ಬಂದು ಎಡಭುಜದ ಮೇಲೆ ಬಿದ್ದ. ಕಾಲರ್ ಬೋನ್ ಮುರಿಯಿತು. ಶಸ್ತ್ರಚಿಕಿತ್ಸೆ ಬೇಡ, ಸ್ಲಿಂಗ್ ಸಾಕು, ಆರು ವಾರ ರಸ್ತೆಗಿಳಿಯಬೇಡ, ಆಮೇಲೆ ಎಕ್ಸ್‌ರೇ ನೋಡೋಣ ಎಂದಿದ್ದರು ಎಲುಬಿನ ಡಾಕ್ಟರು. ಎರಡನೇ ವಾರದಲ್ಲೇ ನಸುಕಿನಲ್ಲಿ ಒಂಟಿ ಕೈಯಲ್ಲಿ ಸೈಕಲ್ ಹೊಡೆಯುತ್ತಿದ್ದಾಗ ಕೋಚ್ ಕೈಗೆ ಸಿಕ್ಕಿಬಿದ್ದ. ಹಾಗೆ ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ಬಂದ.

ಮೊದಲ ಭೇಟಿಯಲ್ಲಿ ತಪ್ಪು ಮಾಡಿದೆ. ವಿಶ್ರಾಂತಿಯ ಮಹತ್ವವನ್ನು ಇಪ್ಪತ್ತು ನಿಮಿಷ ಹೇಳಿದೆ. ಅವನು ನೆಲ ನೋಡುತ್ತ ಕೂತಿದ್ದ, ಮುಂದಿನ ವಾರ ಬರಲೇ ಇಲ್ಲ. ಕೋಚ್ ಒತ್ತಾಯಕ್ಕೆ ಮತ್ತೆ ಬಂದಾಗ ಉಪದೇಶ ಬಿಟ್ಟು ಕೇಳಿದೆ, “ಏನು ಹೋಗಿಬಿಡುತ್ತೆ ಅಂತ ಹೆದರಿಕೆ ತಮ್ಮಾ?”

ಬಲಗೈ ಹೆಬ್ಬೆರಳನ್ನು ತೊಡೆಗೆ ಒತ್ತಿ ತೋರಿಸಿದ. “ಇಲ್ಲಿ ನೋಡ್ರಿ ಮೇಡಂ, ಮೆತ್ತಗ ಆಗೇತಿ. ಹಿಂಗ ಕುಂತ್ರ ಕಾಲು ಸತ್ತು ಹೋಗ್ತಾವ್ರಿ.”

ಚೀಲದಿಂದ ಒಂದು ನೋಟ್‌ಬುಕ್ ತೆಗೆದ. ನಾಲ್ಕು ವರ್ಷದಿಂದ ದಿನಾ ಹೊಡೆದ ಕಿಲೋಮೀಟರ್: 60, 85, 110. ಬಿದ್ದ ಮರುದಿನದಿಂದ ಸಾಲಾಗಿ ಸೊನ್ನೆ. ಕದ್ದು ಹೊಡೆದದ್ದನ್ನು ಲೆಕ್ಕಕ್ಕೆ ಹಿಡಿಯದೆ, ಒಂದು ದಿನವೂ ತಪ್ಪಿಸದೆ ಸೊನ್ನೆ ಬರೆದಿದ್ದ. ಇನ್ನೊಂದು ಸಂಗತಿ ಅವನ ಅಪ್ಪನ ಬಾಯಿಂದ ಹೊರಬಿತ್ತು: “ಅಕ್ಕಾರ, ಹುಡುಗ ಉಣ್ಣಾಕ ಒಲ್ಲೆ ಅಂತಾನ್ರಿ.” ತೂಕ ಏರಿದರೆ ದಿಣ್ಣೆ ಹತ್ತಲಾಗದು ಎಂದು ಮೂರು ರೊಟ್ಟಿಯನ್ನು ಒಂದಕ್ಕಿಳಿಸಿದ್ದ, ಹಾಲು ಬಿಟ್ಟಿದ್ದ. ಕದ್ದು ಸೈಕಲ್ ಹತ್ತಿದ್ದಕ್ಕಿಂತ ನನಗೆ ಇದೇ ಹೆಚ್ಚು ಗಾಬರಿ ಹುಟ್ಟಿಸಿತು. ಎಲುಬು ಕೂಡುವ ಹೊತ್ತಿನಲ್ಲಿ ದೇಹಕ್ಕೆ ಪ್ರೋಟೀನೂ ಕ್ಯಾಲ್ಸಿಯಮ್ಮೂ ಬೇಕು, ಅರೆಹೊಟ್ಟೆಯಲ್ಲಿ ಅದು ಕೂಡುವುದೂ ತಡ.

ಅವನ ಹೆದರಿಕೆ ಪೂರ್ತಿ ಸುಳ್ಳೇನಲ್ಲ. ಒಮ್ಮೆಲೇ ಎಲ್ಲ ನಿಲ್ಲಿಸಿದರೆ ಎರಡು ಮೂರು ವಾರದಲ್ಲಿ ದಮ್ಮು ಇಳಿಯತೊಡಗುತ್ತದೆ. ರಕ್ತದ ನೀರಿನಂಶ ಮೊದಲ ದಿನಗಳಲ್ಲೇ ತಗ್ಗುವುದರಿಂದ ಅಷ್ಟೇ ಕೆಲಸಕ್ಕೆ ಎದೆ ಹೆಚ್ಚು ಬಡಿಯುತ್ತದೆ. ಆದರೆ ಅದು ಅಭ್ಯಾಸ ಶುರುವಾದರೆ ಬೇಗ ಮರಳುತ್ತದೆ, ಸ್ನಾಯುವಿನ ಬಲವಂತೂ ಅಷ್ಟು ಬೇಗ ಬಿಟ್ಟುಹೋಗುವುದಿಲ್ಲ. ಇದನ್ನು ಹೇಳಿದಾಗ ಮೊದಲ ಸಲ ತಲೆಯೆತ್ತಿ ನೋಡಿದ.

ವ್ಯಾಯಾಮ ಬರೆದುಕೊಡುವುದು ನನ್ನ ಕೆಲಸವಲ್ಲ. ಅವನನ್ನು ಎದುರಿಗೆ ಕೂರಿಸಿಕೊಂಡೇ ಡಾಕ್ಟರಿಗೆ ಫೋನ್ ಹಚ್ಚಿದೆ. ಏನು ಮಾಡಬಾರದು ಅಂತಲ್ಲ, ಏನು ಮಾಡಬಹುದು ಅಂತ ಕೇಳು ಎಂದು ಅವನಿಗೆ ಹೇಳಿಕೊಟ್ಟಿದ್ದೆ. ಡಾಕ್ಟರು ಹೇಳಿದರು: ಹಿಂಚಕ್ರ ಬಿಗಿದು ನಿಲ್ಲಿಸುವ ಟ್ರೇನರ್ ಆಗಬಹುದು, ಉರುಳೆಗಳ ಮೇಲೆ ಸೈಕಲ್ ಬಿಗಿಯದೆ ತುಳಿಯುವ ರೋಲರ್ ಬೇಡ. ರೋಲರ್ ಮೇಲೆ ಆಯ ತಪ್ಪಿದರೆ ಮತ್ತೆ ಅದೇ ಭುಜ. ಸ್ಲಿಂಗ್ ಹಾಕಿಕೊಂಡು, ಬೆನ್ನು ನೆಟ್ಟಗೆ, ಕೈಮೇಲೆ ಭಾರ ಹಾಕದೆ, ಮಾತಾಡುತ್ತ ತುಳಿಯುವಷ್ಟು ಹಗುರಾಗಿ 20 ನಿಮಿಷ, ದಿನ ಬಿಟ್ಟು ದಿನ. ನೋವು ಬಂದರೆ ಇಳಿದುಬಿಡು. ನೋವಿನ ಗುಳಿಗೆ ನುಂಗಿ ತುಳಿಯಬೇಡ, ಅದು ಎಚ್ಚರಿಕೆಯ ಬಾಯಿ ಮುಚ್ಚಿಸುತ್ತದೆ. ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಂತೆ ಕೂರುವುದು, ಹಿಮ್ಮಡಿ ಎತ್ತಿ ಇಳಿಸುವುದು ಸರಿ. ಓಟ ಸದ್ಯಕ್ಕೆ ಬೇಡ, ಭುಜ ಕುಲುಕುತ್ತದೆ. ಮುಂದೆ ಡಾಕ್ಟರು ನೋಡಿ ನೋಡಿ 45 ನಿಮಿಷದವರೆಗೆ ಏರಿಸಿದರು.

ನನ್ನ ಪಾಲಿನ ಸಲಹೆ ಚಿಕ್ಕದು. ನೋಟ್‌ಬುಕ್ಕಿನಲ್ಲಿ ಕಿಲೋಮೀಟರ್ ಕಾಲಂ ಹೊಡೆದುಹಾಕಿಸಿ ನಾಲ್ಕು ಗೆರೆ ಎಳೆಸಿದೆ: ನಿಮಿಷ, ಹತ್ತಕ್ಕೆ ಎಷ್ಟು ನೋವು, ನಿದ್ದೆಯ ತಾಸು, ರೊಟ್ಟಿ. ರೊಟ್ಟಿ ಮೂರರ ಕೆಳಗಿಳಿದರೆ ಆ ದಿನ ಟ್ರೇನರ್ ಇಲ್ಲ. ಶೇಂಗಾ ಹಿಂಡಿ (ಚಟ್ನಿಪುಡಿ), ಮೊಸರು, ಮೊಟ್ಟೆ ತಾನಾಗಿ ಬಂದವು. ದಿನಾ ರಾತ್ರಿ ಫೋನಿನಲ್ಲಿ “ಯಾವಾಗ ಸೈಕಲ್ ಹತ್ತತಿ?” ಎನ್ನುತ್ತಿದ್ದ ಅಪ್ಪನಿಗೆ, ಆರು ವಾರ “ಊಟಾ ಆತೇನಪಾ?” ಅಂತಷ್ಟೇ ಕೇಳಿ ಎಂದೆ. ಪಾಪ, ಸಾಲದ ಕಂತು ತಲೆಮೇಲಿದ್ದರೂ ಅದನ್ನು ಪಾಲಿಸಿದರು. ಗಾಯವಾದವನನ್ನು ಊರಿಗೆ ಕಳಿಸಿಬಿಡುವುದು ಕೋಚ್ ರೂಢಿ. ನಾನು ಒಪ್ಪಲಿಲ್ಲ. ಸ್ಟಾಪ್‌ವಾಚ್ ಅವನ ಕೈಗೆ ಕೊಡಿ, ಹುಡುಗರ ನಡುವೆಯೇ ಇರಲಿ ಎಂದೆ. ಗೊಣಗುತ್ತಲೇ ಕೊಟ್ಟರು.

ಎಂಟನೇ ವಾರ ಎಕ್ಸ್‌ರೇಯಲ್ಲಿ ಎಲುಬು ಕೂಡಿತ್ತು. ರಸ್ತೆಗೆ ಅನುಮತಿ ಸಿಕ್ಕಿತು. ಈಗ ಸೈಕಲ್ ಹತ್ತಲು ಅವನೇ ಒಲ್ಲ! ಒಂದು ದಿನ ಪಂಕ್ಚರ್, ಮರುದಿನ ಹೊಟ್ಟೆನೋವು. ಬಿದ್ದ ಕ್ಷಣ ಕನಸಲ್ಲಿ ಬರುತ್ತಿತ್ತಂತೆ. ನೇರ ಗುಂಪಿನಲ್ಲಿ ಬಿಡಬೇಡಿ ಎಂದೆ. ಮೊದಲು ಕೋಚ್ ಜೊತೆ ಆ ತಿರುವಿನ ತನಕ ನಡೆದುಹೋಗಿ, ಹತ್ತು ನಿಮಿಷ ಸುಮ್ಮನೆ ನಿಂತು ಬಂದ. ಆಮೇಲೆ ಸೈಕಲ್ ತಳ್ಳಿಕೊಂಡು ಹೋದ. ಆಮೇಲೆ ಖಾಲಿ ರಸ್ತೆಯಲ್ಲಿ, ನಿಧಾನಕ್ಕೆ, ಬ್ರೇಕ್ ಮೇಲೆ ಬೆರಳಿಟ್ಟುಕೊಂಡು.

ಹನ್ನೊಂದನೇ ವಾರ ನೋಟ್‌ಬುಕ್ ತಂದು ತೋರಿಸಿದ. ಕಿಲೋಮೀಟರ್ ಕಾಲಂ ವಾಪಸ್ ಬಂದಿತ್ತು: 20. ಪಕ್ಕದಲ್ಲಿ ಪೆನ್ಸಿಲಿನಲ್ಲಿ, “ನಾಯಿ ಅಲ್ಲೇ ಇತ್ತು.” ರೊಟ್ಟಿ ನಾಲ್ಕು.