ಸೂರ್ಯ ರಜೆ ಹಾಕಿದ ಊರುಗಳು

ಪ್ರಶ್ನೆ: ಮಗಳ ಬಾಣಂತನಕ್ಕೆ ಅಂತ ನವೆಂಬರ್‌ನಲ್ಲಿ ಅಮೆರಿಕದ ಸಿಯಾಟಲ್‌ಗೆ ಬಂದೆ. ಎರಡು ತಿಂಗಳಾಯಿತು, ಸರಿಯಾಗಿ ಬಿಸಿಲು ಕಂಡ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಮಗುವನ್ನು ಎಳೆಬಿಸಿಲಿಗೆ ಹಿಡಿಯೋಣ ಅಂದರೆ ಬಿಸಿಲೇ ಇಲ್ಲ. ಆದರೆ ಅಳಿಯಂದಿರು ಹೇಳುತ್ತಾರೆ, ವರ್ಷದ ಲೆಕ್ಕದಲ್ಲಿ ಇಲ್ಲಿನ ಮಳೆ ಬೆಂಗಳೂರಿನಷ್ಟೇ ಅಂತೆ. ಹಾಗಿದ್ದರೆ ಈ ಮೋಡ ಯಾಕೆ ಹೀಗೆ ಠಿಕಾಣಿ ಹೂಡಿದೆ? (ಮೈಸೂರಿನ ಓದುಗರು, ಸದ್ಯ ಸಿಯಾಟಲ್)

ಉತ್ತರ: ಅಳಿಯಂದಿರು ಹೇಳಿದ್ದು ನಿಜ ಮೇಡಂ. ಎರಡೂ ಊರಿಗೆ ವರ್ಷಕ್ಕೆ 1000 ಮಿಲಿಮೀಟರ್ ಆಸುಪಾಸು. ಸುರಿಯುವ ರೀತಿ ಮಾತ್ರ ಬೇರೆ. ಬೆಂಗಳೂರಿನ ಮಳೆ ಸಂಜೆ ನಾಲ್ಕಕ್ಕೆ ಗುಡುಗಿ, ಅಂಡರ್‌ಪಾಸ್ ತುಂಬಿಸಿ, ರಾತ್ರಿ ಊಟದ ಹೊತ್ತಿಗೆ ನಕ್ಷತ್ರ ತೋರಿಸುತ್ತದೆ. ಸಿಯಾಟಲ್ ಅದೇ ನೀರನ್ನು ಸುಮಾರು 150 ದಿನಕ್ಕೆ ಹಂಚಿಕೊಂಡು ಚಿಮುಕಿಸುತ್ತಾ ಕೂತಿರುತ್ತದೆ.

ಮೋಡ ಹುಟ್ಟುವುದಕ್ಕೆ ದೊಡ್ಡ ಕಾರಣ ಏನೂ ಬೇಡ. ತೇವದ ಗಾಳಿ ಮೇಲೆ ಹೋಗಿ ತಣ್ಣಗಾದರೆ ಸಾಕು, ಅದು ಎಲ್ಲ ಊರಲ್ಲೂ ಆಗುತ್ತದೆ. ನೀವು ಕೇಳಬೇಕಾದ ಪ್ರಶ್ನೆ, ಬಂದ ಮೋಡ ಯಾಕೆ ಹೋಗುತ್ತಿಲ್ಲ ಅನ್ನುವುದು.

ಸಿಯಾಟಲ್‌ನ ಪಶ್ಚಿಮಕ್ಕೆ ಪೆಸಿಫಿಕ್ ಸಮುದ್ರ. ಚಳಿಗಾಲದಲ್ಲಿ ಆ ಕಡೆಯಿಂದ ವಾಯುಭಾರ ಕುಸಿತಗಳು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಒಂದು ಮೋಡದ ಗುಂಪು ದಾಟುವಷ್ಟರಲ್ಲಿ ಇನ್ನೊಂದು ಹಾಜರ್. ಊರಿನ ಪಶ್ಚಿಮಕ್ಕೆ ಒಲಿಂಪಿಕ್ ಬೆಟ್ಟಗಳು, ಪೂರ್ವಕ್ಕೆ ಕ್ಯಾಸ್ಕೇಡ್ ಸಾಲು, ನಡುವೆ ಬೋಗುಣಿಯ ಹಾಗೆ ಸಿಯಾಟಲ್. ತಣ್ಣನೆಯ ತೇವದ ಗಾಳಿ ಬೋಗುಣಿಯಲ್ಲಿ ಇಳಿದು ಕೂರುತ್ತದೆ. ಅದನ್ನು ಓಡಿಸಬೇಕಾದವನು ಸೂರ್ಯ, ಅವನಿಗೇ ಅಲ್ಲಿ ತ್ರಾಣ ಇಲ್ಲ. ನಮ್ಮಲ್ಲಿ ಎಂಥಾ ಮಂಜು ಬಿದ್ದರೂ ಹತ್ತು ಗಂಟೆಯೊಳಗೆ ನೆಲ ಬಿಸಿಯಾಗಿ ಎಲ್ಲ ಕರಗುತ್ತದೆ ಅಲ್ವಾ? ಬಿಸಿಲು ಬಂದ ಅಪರೂಪದ ದಿನ ನೀವೇ ಅಳೆದು ನೋಡಿ: ಕೈ ನೇರ ಚಾಚಿ, ದಿಗಂತದಿಂದ ಒಂದರ ಮೇಲೊಂದು ಮುಷ್ಟಿ ಇಡುತ್ತಾ ಹೋಗಿ. ಡಿಸೆಂಬರ್ ಕೊನೆಯ ಮಧ್ಯಾಹ್ನ ಸಿಯಾಟಲ್‌ನ ಸೂರ್ಯ ಎರಡು ಮುಷ್ಟಿಯಷ್ಟು ಎತ್ತರಕ್ಕೂ ಪೂರ್ತಿ ಏರುವುದಿಲ್ಲ. ಅದೇ ದಿನ ಮೈಸೂರಿನಲ್ಲಿ ಐದು ಮುಷ್ಟಿಗೂ ಮೇಲೆ. ಹಗಲೂ ಎಂಟೂವರೆ ಗಂಟೆ ಅಷ್ಟೇ. ಆ ಸೋತ ಬಿಸಿಲಿಗೆ ಮೋಡ ಒಡೆಯುವ ಶಕ್ತಿ ಎಲ್ಲಿಂದ ಬರಬೇಕು.

ಕ್ಯಾಸ್ಕೇಡ್ ದಾಟಿದರೆ ಲೋಕವೇ ಬೇರೆ. ಆ ಕಡೆ ಇರುವ ಯಾಕಿಮಾ ಊರಿಗೆ ವರ್ಷಕ್ಕೆ 200 ಮಿಲಿಮೀಟರ್ ಮಳೆ ಬಿದ್ದರೆ ಹೆಚ್ಚು. ನಮ್ಮ ಆಗುಂಬೆ, ಚಳ್ಳಕೆರೆ ಕಥೆಯೇ, ಬೆಟ್ಟದ ಹೆಸರು ಮಾತ್ರ ಬೇರೆ.

ಮಗುವಿಗೆ ಅಲ್ಲಿನ ಡಾಕ್ಟರು ವಿಟಮಿನ್ ಡಿ ಹನಿ ಬರೆದುಕೊಟ್ಟಿದ್ದರೆ ಅದನ್ನು ತಪ್ಪಿಸಬೇಡಿ, ಎಳೆಬಿಸಿಲಿಗೆ ಕಾಯುತ್ತಾ ಕೂರಬೇಡಿ. ಇನ್ನೊಂದು ಹೊಟ್ಟೆಕಿಚ್ಚಿನ ವಿಷಯ ಹೇಳಿಬಿಡುತ್ತೇನೆ: ಜುಲೈ, ಆಗಸ್ಟ್‌ನಲ್ಲಿ ಸಿಯಾಟಲ್ ಆಕಾಶ ತೊಳೆದಿಟ್ಟ ಹಾಗಿರುತ್ತದೆ, ರಾತ್ರಿ ಒಂಬತ್ತರವರೆಗೂ ಬೆಳಕು. ನವೆಂಬರ್‌ನಲ್ಲಿ ಆರು ತಿಂಗಳಿಗೆ ಅಂತ ಹೋದ ಅಜ್ಜಿಯರು ಆ ಹೊತ್ತಿಗೆ ಊರಿಗೆ ವಾಪಸ್ ಬಂದಿರುತ್ತಾರೆ.

ಪ್ರಶ್ನೆ: ಪೆರುವಿನ ಲಿಮಾ ಮರುಭೂಮಿಯ ಊರು ಅಂತ ನಮ್ಮ ಮೇಷ್ಟ್ರು ಹೇಳಿದರು. ಆದರೆ ಫೋಟೋಗಳಲ್ಲಿ ನೋಡಿದರೆ ಆಕಾಶ ಯಾವಾಗಲೂ ಬೂದಿ ಬಣ್ಣ. ಅಷ್ಟು ಮೋಡ ಇದ್ದರೆ ಮಳೆ ಬರಲೇಬೇಕಲ್ವಾ? (ಪಿಯುಸಿ ವಿದ್ಯಾರ್ಥಿ, ಹಾಸನ)

ಉತ್ತರ: ಬರಬೇಕಾಗಿಲ್ಲ ಕಣಪ್ಪ. ನಿನ್ನ ಮೇಷ್ಟ್ರೂ ಸರಿ, ಫೋಟೋನೂ ಸರಿ. ನನಗೆ ಇಡೀ ಭೂಮಿ ಮೇಲೆ ತುಂಬಾ ಮಜಾ ಅನ್ನಿಸುವ ಆಕಾಶ ಅಂದರೆ ಲಿಮಾದ್ದೇ.

ಬೆಂಗಳೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ 13 ಡಿಗ್ರಿ, ಲಿಮಾ ದಕ್ಷಿಣಕ್ಕೆ 12 ಡಿಗ್ರಿ. ದೂರದ ಲೆಕ್ಕದಲ್ಲಿ ಹೆಚ್ಚುಕಮ್ಮಿ ಅವಳಿ ಊರುಗಳು. ಆದರೆ ಲಿಮಾದಲ್ಲಿ ವರ್ಷವಿಡೀ ಬೀಳುವ ಮಳೆ 20 ಮಿಲಿಮೀಟರಿಗೂ ಕಡಿಮೆ. ಬೆಂಗಳೂರಿನಲ್ಲಿ ಒಂದು ಜೋರು ಮಳೆ ಅರ್ಧ ಗಂಟೆಯಲ್ಲಿ ಅದಕ್ಕಿಂತ ಜಾಸ್ತಿ ಸುರಿಸಿ ಹೋಗುತ್ತದೆ. ಹಾಗಿದ್ದೂ ಜೂನ್‌ನಿಂದ ಅಕ್ಟೋಬರ್‌ವರೆಗೆ ಲಿಮಾ ಜನರಿಗೆ ಸೂರ್ಯ ಅಪರೂಪದ ನೆಂಟ. ಅಲ್ಲಿಯವರು ತಮ್ಮ ಆಕಾಶಕ್ಕೆ ಇಟ್ಟಿರುವ ಹೆಸರು 'ಕತ್ತೆಯ ಹೊಟ್ಟೆ'. ಕತ್ತೆಯ ಹೊಟ್ಟೆ ನೋಡಿದ್ದೀಯಲ್ಲ, ಬಿಳಿಯೂ ಅಲ್ಲ, ಕಪ್ಪೂ ಅಲ್ಲ, ಅದೇ ಬಣ್ಣ.

ತಣ್ಣನೆಯ ಸಮುದ್ರ ಇದಕ್ಕೆ ಕಾರಣ. ಹಂಬೋಲ್ಟ್ ಪ್ರವಾಹ ದಕ್ಷಿಣದಿಂದ ತಣ್ಣೀರು ತರುತ್ತದೆ, ಜೊತೆಗೆ ಗಾಳಿ ಮೇಲಿನ ನೀರನ್ನು ದಡದಿಂದ ಆಚೆ ತಳ್ಳುವುದರಿಂದ ಆಳದ ತಣ್ಣೀರು ಮೇಲೆ ಬರುತ್ತದೆ. ಆ ನೀರಿಗೆ ತಾಗಿದ ಗಾಳಿ ತಣ್ಣಗೆ, ತೇವವಾಗಿ ಕೆಳಗೇ ಇರುತ್ತದೆ. ಅದರ ಮೇಲೆ, ಒಂದು ಕಿಲೋಮೀಟರ್ ಒಳಗೇ, ಬಿಸಿಯಾದ ಒಣ ಗಾಳಿಯ ಪದರ ಮುಚ್ಚಳದ ಹಾಗೆ ಕೂತಿರುತ್ತದೆ. ಸಾಮಾನ್ಯವಾಗಿ ಮೇಲೆ ಹೋದಂತೆ ತಣ್ಣಗಾಗಬೇಕು, ಇಲ್ಲಿ ಉಲ್ಟಾ. ಇದು ನಮ್ಮಲ್ಲೂ ಕಾಣುತ್ತದೆ: ಚಳಿಗಾಲದ ಬೆಳಿಗ್ಗೆ ಹಳ್ಳಿಯಲ್ಲಿ ಒಲೆಯ ಹೊಗೆ ಮೇಲಕ್ಕೆ ಹೋಗದೆ, ಹೆಂಚಿನ ಮೇಲೆ ಚಾಪೆ ಹಾಸಿದ ಹಾಗೆ ಅಡ್ಡಕ್ಕೆ ನಿಂತಿರುತ್ತದಲ್ಲ, ಅದಕ್ಕೂ ಇದೇ ಕಾರಣ. ನಮ್ಮ ಮುಚ್ಚಳ ಎರಡು ತಾಸಿನಲ್ಲಿ ತೆರೆಯುತ್ತದೆ. ಲಿಮಾದ್ದು ತಿಂಗಳುಗಟ್ಟಲೆ ತೆರೆಯುವುದಿಲ್ಲ.

ಮುಚ್ಚಳದ ಕೆಳಗೆ ಮೋಡ ಎತ್ತರಕ್ಕೆ ಬೆಳೆಯಲಾರದು, ದೋಸೆಯ ಹಾಗೆ ತೆಳ್ಳಗೆ ಹರಡುತ್ತದೆ. ಒಂದು ಮಳೆಹನಿ ಆಗಬೇಕಾದರೆ ಸುಮಾರು ಹತ್ತು ಲಕ್ಷ ಮೋಡದ ಕಣ ಕೂಡಬೇಕು, ತೆಳ್ಳನೆಯ ಮೋಡದಲ್ಲಿ ಅದಕ್ಕೆ ಜಾಗವೂ ಇಲ್ಲ, ಸಮಯವೂ ಇಲ್ಲ. ಬೀಳುವುದೆಲ್ಲ ಮುಖಕ್ಕೆ ತಾಗುವಂಥ ಸಣ್ಣ ತುಂತುರು, ಅಲ್ಲಿನವರ ಮಾತಿನಲ್ಲಿ 'ಗರೂವಾ'. ಇನ್ನೂ ಒಂದು ಕಿತಾಪತಿ ಇದೆ. ಮೋಡದ ಬಿಳಿ ಮೇಲ್ಭಾಗ ಬಿಸಿಲನ್ನು ವಾಪಸ್ ಕಳಿಸಿಬಿಡುತ್ತದೆ, ಕೆಳಗಿನ ಸಮುದ್ರ ತಣ್ಣಗೇ ಉಳಿಯುತ್ತದೆ, ಸಮುದ್ರ ತಣ್ಣಗಿದ್ದರೆ ಮೋಡವೂ ಉಳಿಯುತ್ತದೆ. ತನ್ನ ಬಾಡಿಗೆ ತಾನೇ ಕಟ್ಟಿಕೊಂಡು ಕೂತ ಬಾಡಿಗೆದಾರ, ಖಾಲಿ ಮಾಡಿಸುವುದು ಹೇಗೆ?

ಲಿಮಾದಿಂದ ಬೆಟ್ಟದ ಕಡೆ 40 ಕಿಲೋಮೀಟರ್ ಒಳಗೆ ಚೋಸಿಕಾ ಅಂತ ಒಂದು ಊರಿದೆ, ಮೋಡದ ಪದರಕ್ಕಿಂತ ಸ್ವಲ್ಪ ಮೇಲೆ. ಅಲ್ಲಿನ ಚಳಿಗಾಲದ (ನಮ್ಮ ಮಳೆಗಾಲದ ತಿಂಗಳುಗಳು) ಭಾನುವಾರ ಲಿಮಾ ಜನ ಬಿಸಿಲು ಕಾಯಿಸಿಕೊಳ್ಳಲು ಅಲ್ಲಿಗೆ ಹೋಗುತ್ತಾರೆ. ನಗರದ ಅಂಚಿನ ಗುಡ್ಡಗಳಲ್ಲಿ, ನಲ್ಲಿ ನೀರು ಬಾರದ ಬಡವರ ಬಡಾವಣೆಗಳಲ್ಲಿ, ಎರಡು ಕಂಬದ ನಡುವೆ ನೈಲಾನ್ ಬಲೆ ಕಟ್ಟಿರುತ್ತಾರೆ. ಮಂಜು ಬಲೆಯ ಎಳೆಗೆ ತಾಗಿ ಹನಿಯಾಗಿ, ಕೆಳಗಿನ ಪೈಪಿಗೆ ಇಳಿದು ಟ್ಯಾಂಕಿ ಸೇರುತ್ತದೆ. ಆ ನೀರಲ್ಲಿ ತರಕಾರಿ ಬೆಳೆಯುತ್ತಾರೆ. ಮಳೆ ಕೊಡದ ಮೋಡವನ್ನು ಹಿಂಡಿ ನೀರು ತೆಗೆಯುವುದು ಅಂದರೆ ಇದೇ ನೋಡು.

ಪ್ರಶ್ನೆ: ಬೆಂಗಳೂರಿನಲ್ಲಿ ಜುಲೈ ಪೂರ್ತಿ ಮೋಡ, ಮಳೆ ಮಾತ್ರ ಜಿಟಿಜಿಟಿ. ಮಲೆನಾಡಲ್ಲಿ ಮಾತ್ರ ಧಾರಾಕಾರ. ಯಾಕೆ ಈ ಭೇದ? (ತೀರ್ಥಹಳ್ಳಿ ಮೂಲದ ಓದುಗರು, ಬೆಂಗಳೂರು)

ಉತ್ತರ: ಗಾಳಿ ಒಂದೇ. ಅರಬ್ಬಿ ಸಮುದ್ರದಿಂದ ಬಂದ ಗಾಳಿ ಘಟ್ಟ ಹತ್ತುವಾಗ ನೀರೆಲ್ಲ ಅಲ್ಲೇ ಇಳಿಸುತ್ತದೆ. ಆಗುಂಬೆಗೆ ವರ್ಷಕ್ಕೆ 7,500 ಮಿಲಿಮೀಟರಿಗೂ ಹೆಚ್ಚು ಸಿಗುವುದು ಹೀಗೆ. ಬೆಂಗಳೂರಿಗೆ ಬರುವುದು ಪಾತ್ರೆ ತಳದ ಸಾರು. ಜೊತೆಗೆ ಆ ತಿಂಗಳುಗಳಲ್ಲಿ ಕೆಳಗೆ ಪಶ್ಚಿಮದ ಗಾಳಿ, ತುಂಬಾ ಎತ್ತರದಲ್ಲಿ ಪೂರ್ವದ ಗಾಳಿ. ಈ ಎಳೆದಾಟದಲ್ಲಿ ಗುಡುಗಿನ ಮೋಡ ಗೋಪುರದ ಹಾಗೆ ಬೆಳೆಯುವುದು ಕಷ್ಟ. ಸೆಪ್ಟೆಂಬರ್ ಹೊತ್ತಿಗೆ ಇದು ಸಡಿಲವಾಗಿ ಗುಡುಗು ಮತ್ತೆ ಶುರು.

ನಾನೂ ಘಟ್ಟದ ಕಡೆಯವನೇ. ಆಷಾಢದಲ್ಲಿ ಒಗೆದ ಬಟ್ಟೆಯನ್ನು ಬಚ್ಚಲ ಒಲೆ ಮೇಲೆ ತಂತಿ ಕಟ್ಟಿ ಒಣಗಿಸುತ್ತಿದ್ದರು. ಯೂನಿಫಾರಂ ತುಂಬಾ ಹೊಗೆ ವಾಸನೆ. ಇಡೀ ಕ್ಲಾಸಿಗೆ ಅದೇ ವಾಸನೆ ಇದ್ದದ್ದರಿಂದ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪೇಟೆಯಿಂದ ಹೊಸದಾಗಿ ಬಂದ ಟೀಚರ್ ಮಾತ್ರ ಮೊದಲ ದಿನ ಎಲ್ಲಿ ಬೆಂಕಿ ಬಿತ್ತು ಅಂತ ಕಿಟಕಿಯಲ್ಲಿ ಇಣುಕಿ ನೋಡಿದ್ದರು.

ಪ್ರಶ್ನೆ: ಸೂರ್ಯನನ್ನು ಕಂಡರೆ ನಾಯಿ ಬೊಗಳುವ ಊರು ಚೀನಾದಲ್ಲಿದೆ ಅಂತ ವಾಟ್ಸಾಪ್‌ನಲ್ಲಿ ಬಂತು. ಸುಮ್ನೆ ಕಥೆ ತಾನೇ? (ಓದುಗರು, ದಾವಣಗೆರೆ)

ಉತ್ತರ: ವಾಟ್ಸಾಪ್ ಈ ಸಲ ಪೂರ್ತಿ ಸುಳ್ಳು ಹೇಳಿಲ್ಲ. 'ಶು ನಾಡಿನ ನಾಯಿ ಸೂರ್ಯನಿಗೆ ಬೊಗಳಿತು' ಅನ್ನುವುದು ಚೀನಾದ ಹಳೇ ನಾಣ್ಣುಡಿ. ಸುಮಾರು 1,200 ವರ್ಷದ ಹಿಂದೆಯೇ ಲಿಯು ಝೊಂಗ್‌ಯುವಾನ್ ಎಂಬ ಲೇಖಕ ಈ ನಾಯಿಗಳ ಬಗ್ಗೆ ಬರೆದಿದ್ದಾನೆ. ಶು ಅಂದರೆ ಈಗಿನ ಸಿಚುವಾನ್. ಸುತ್ತ ಬೆಟ್ಟ, ನಡುವೆ ತಗ್ಗು, ಒಳಗೆ ಸಿಕ್ಕಿಬಿದ್ದ ತೇವದ ಗಾಳಿ. ಚೆಂಗ್ಡು ನಗರಕ್ಕೆ ವರ್ಷಕ್ಕೆ ಸಿಗುವ ಬಿಸಿಲು ಸುಮಾರು 1,000 ಗಂಟೆ, ಹಗಲಿನ ಕಾಲು ಭಾಗದಷ್ಟು. ನಾಯಿಗಳ ವಿಷಯ ಬಿಡಿ, ಅಲ್ಲಿ ಬಿಸಿಲು ಬಂದ ದಿನ ಜನರೇ ಕೆಲಸ ಬಿಟ್ಟು ಪಾರ್ಕ್‌ನಲ್ಲಿ ಬಿದಿರಿನ ಕುರ್ಚಿ ಹಾಕಿಕೊಂಡು, ಟೀ ಲೋಟ ಹಿಡಿದು, ಮುಖ ಮೇಲೆ ಮಾಡಿ ಕೂತುಬಿಡುತ್ತಾರೆ.