ದಾರಿಯಲ್ಲಿ ಕಂಡದ್ದಕ್ಕೆ ಮಕ್ಕಳು ಗುರುತು ಹಾಕಿ ಅಂಕ ಗಳಿಸುವ ಹಳೆಯ ‘ಹುಡುಕಿ, ಗುರುತು ಹಾಕಿ’ ಪುಸ್ತಕವನ್ನು ಇದ್ದ ಹಾಗೇ ಹೊಳಪಿನ ಕಾಗದದಲ್ಲಿ ಮತ್ತೆ ತರಬಹುದೇ?

ಬೇಡ. ‘ಹೊಳಪಿನ ಕಾಗದ’ ಅನ್ನೋ ಮಾತು ಓದಿದ ಕೂಡಲೇ ನಾನು ಮಾಡಿಸಿದ ಮೊದಲ ಪುಸ್ತಕದ 1,000 ಪ್ರತಿಗಳು ಕಣ್ಣ ಮುಂದೆ ಬಂದವು. 48 ಪುಟ, ಪೂರ್ತಿ ಬಣ್ಣ, ಒಳಪುಟಕ್ಕೆ 130 ಜಿಎಸ್‌ಎಂ ಗ್ಲಾಸಿ ಆರ್ಟ್ ಪೇಪರ್, ಅಂದರೆ ಲೇಪ ಕೊಟ್ಟ ಹೊಳಪಿನ ಕಾಗದ (ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತೆ ಅನ್ನೋದು). ನೋಡೋಕೆ ಚೆಂದವಾಗಿಯೇ ಇತ್ತು. ಆದರೆ ಚೌಕದೊಳಗೆ ಪೆನ್ಸಿಲ್ ಇಟ್ಟರೆ ಗೆರೆಯೇ ಮೂಡಲಿಲ್ಲ. ಒತ್ತಿ ಬರೆದರೆ ತೆಳು ಬೂದು ಗೆರೆ, ಅದೂ ಬೆರಳು ತಾಗಿದರೆ ಹೋಯಿತು. ಜೆಲ್ ಪೆನ್ನಿನ ಶಾಯಿ ಒಣಗದೆ ಎದುರು ಪುಟಕ್ಕೆ ಅಂಟಿತು. ಬಣ್ಣದ ಪೆನ್ಸಿಲ್ ಜಾರಿತು. ಗುರುತು ಹಾಕೋದೇ ಕೆಲಸವಾದ ಪುಸ್ತಕದಲ್ಲಿ ಗುರುತು ಹಾಕೋಕೆ ಆಗಲಿಲ್ಲ.

ಯಾಕೆ ಹೀಗಾಗುತ್ತೆ ಅನ್ನೋದನ್ನು ಬಿಡಿಸಿಯೇ ಹೇಳ್ತೀನಿ, ಯಾಕೆಂದರೆ ಬೇರೆ ತಪ್ಪುಗಳನ್ನು ಆಮೇಲೆ ತಿದ್ದಬಹುದು, ಇದನ್ನು ಆಗಲ್ಲ. ಪೆನ್ಸಿಲ್ ಬರೆಯೋದು ತೇಯ್ದುಕೊಂಡು. ಸಾದಾ ಕಾಗದದ ನಾರು ಸಣ್ಣ ಅರದ ಹಾಗೆ ಗ್ರಾಫೈಟನ್ನು ತೇಯ್ದು, ತನ್ನ ಸಂದುಗಳಲ್ಲಿ ಹಿಡಿದಿಟ್ಟುಕೊಳ್ಳುತ್ತೆ. ಆರ್ಟ್ ಪೇಪರ್‌ನಲ್ಲಿ ಆ ನಾರಿನ ಮೇಲೆ ಬಿಳಿ ಜೇಡಿಮಣ್ಣು ಅಥವಾ ಕ್ಯಾಲ್ಸಿಯಂ ಕಾರ್ಬೊನೇಟ್‌ನ ಲೇಪ ಕೊಟ್ಟು, ರೋಲರ್‌ಗಳ ನಡುವೆ ಒತ್ತಿ ನುಣುಪು ಮಾಡಿರ್ತಾರೆ. ಹಿಡಿಯೋಕೆ ಸಂದೇ ಇಲ್ಲದ ಮೇಲೆ ಗ್ರಾಫೈಟ್ ಜಾರುತ್ತೆ. ಜೆಲ್ ಶಾಯಿ ಒಳಗೆ ಇಳಿಯದೆ ಮೇಲೇ ನಿಂತು ಗಾಳಿಗೆ ಒಣಗಬೇಕು, ಅಷ್ಟರಲ್ಲಿ ಮಗು ಪುಟ ಮಗುಚಿರುತ್ತೆ. ಹೊಳಪಿಲ್ಲದ ಮ್ಯಾಟ್ ಆರ್ಟ್ ಪೇಪರ್‌ನಲ್ಲಿ ಪೆನ್ಸಿಲ್ ಪರವಾಗಿಲ್ಲ, ಆದರೆ ಅದಕ್ಕೂ ಲೇಪ ಇದ್ದೇ ಇದೆ, ಶಾಯಿಯ ತೊಂದರೆ ತಪ್ಪಲ್ಲ. ಸಾದಾ ಕಾಗದದ ಮೇಲೆ ವಾರ್ನಿಷ್ ಹೊಡೆಸಿದರೂ ಇದೇ ಕಥೆ.

ಅಚ್ಚಿಗೆ ಮುಂಚೆ ನೋಡೋಕೆ ಕೊಡುವ ಪ್ರೂಫ್‌ನಲ್ಲಿ ಇದು ಕಾಣಲಿಲ್ಲ. ಪ್ರೂಫ್ ಬಂದದ್ದು ಝೆರಾಕ್ಸ್ ಹಾಳೆಯಲ್ಲಿ, ಅದರ ಮೇಲೆ ಪೆನ್ಸಿಲ್ ಸಲೀಸಾಗಿ ಓಡಿತು. ನಾನು ನೋಡಿದ್ದು ಬಣ್ಣ ಮತ್ತು ಕಾಗುಣಿತ ಮಾತ್ರ. ಕೇಳಬೇಕಾಗಿದ್ದದ್ದು ಖಾಲಿ ಡಮ್ಮಿ: ಮುದ್ರಣಕ್ಕೆ ಬಳಸುವ ಅದೇ ಕಾಗದ, ಅಷ್ಟೇ ಪುಟ, ಅದೇ ಬೈಂಡಿಂಗ್, ಏನೂ ಅಚ್ಚಾಗದ್ದು. ಅದರ ಮೇಲೆ ಎಚ್‌ಬಿ ಪೆನ್ಸಿಲ್, ಬಾಲ್ ಪೆನ್, ಜೆಲ್ ಪೆನ್, ಸ್ಕೆಚ್ ಪೆನ್, ಕ್ರೇಯಾನ್ ಒಂದೊಂದರಲ್ಲೂ ಗೆರೆ ಎಳೆದು, ಹತ್ತು ಸೆಕೆಂಡ್ ಬಿಟ್ಟು ಹೆಬ್ಬೆರಳಿನಿಂದ ಉಜ್ಜಿ. ಪುಟ ತಿರುಗಿಸಿ ಹಿಂಬದಿಗೆ ಎಷ್ಟು ಇಳಿದಿದೆ ನೋಡಿ. ಆಮೇಲೆ ಎದ್ದು ನಿಂತು, ಒಂದು ಕೈಯಲ್ಲಿ ಪುಸ್ತಕ ಹಿಡಿದು ಬರೆಯಿರಿ. ಇಷ್ಟಕ್ಕೆ ಹತ್ತು ನಿಮಿಷ ಸಾಕು.

ಈಗ ನಾನು ಬಳಸೋದು 100 ಜಿಎಸ್‌ಎಂ ಮ್ಯಾಪ್ಲಿಥೋ ಅನ್ನೋ ಲೇಪ ಇಲ್ಲದ ಸಾದಾ ಕಾಗದ, ಬಣ್ಣ ತುಂಬುವ ಪುಟ ಜಾಸ್ತಿ ಇದ್ದರೆ 120. 70ರಲ್ಲಿ ಸ್ಕೆಚ್ ಪೆನ್ ಹಿಂದಿನ ಪುಟದ ಚಿತ್ರವನ್ನು ಹಾಳು ಮಾಡುತ್ತೆ. ಲೇಪ ಇಲ್ಲದ ಕಾಗದದಲ್ಲಿ ಅಚ್ಚಿನ ಶಾಯಿ ಹೀರಿಕೊಂಡು ಹರಡೋದರಿಂದ ಬಣ್ಣ ಮಂಕಾಗುತ್ತೆ, ಕಪ್ಪು ಛಾಯೆಗಳು ಮುಚ್ಚಿಕೊಳ್ಳುತ್ತವೆ. ಹಾಗಾಗಿ ಫೋಟೋಗಿಂತ ದಪ್ಪ ಗೆರೆಯ ಚಿತ್ರ, ತಿಳಿ ಬಣ್ಣ ಒಳ್ಳೆಯದು. ಅಳತೆ ಎ6, ಅಂದರೆ 105 × 148 ಮಿಮೀ, ಜೇಬಿಗೆ ಹೋಗಬೇಕು. ಗುರುತಿನ ಚೌಕ 8 ಮಿಮೀಗಿಂತ ಚಿಕ್ಕದಾಗೋದು ಬೇಡ, ಬೈಂಡಿಂಗ್ ಕಡೆಯ ಅಂಚಿನಿಂದ ದೂರ ಇರಲಿ. ಸೆಂಟರ್ ಪಿನ್, ಅಂದರೆ ಮಡಿಕೆಯ ನಡುವೆ ಪಿನ್, ಹೊಡೆಸಿ. ಬೆನ್ನಿಗೆ ಅಂಟು ಹಾಕುವ ಪರ್ಫೆಕ್ಟ್ ಬೈಂಡಿಂಗ್‌ನ ಪುಸ್ತಕ ತೆರೆದುಕೊಂಡು ನಿಲ್ಲಲ್ಲ, ನಡೆಯುವ ಮಗುವಿಗೆ ಅದನ್ನು ಒತ್ತಿ ಹಿಡಿಯೋಕೆ ಮೂರನೇ ಕೈ ಬೇಕಾಗುತ್ತೆ. ಪಿನ್‌ಗೆ ಪುಟಗಳ ಸಂಖ್ಯೆ 4ರಿಂದ ಭಾಗವಾಗಬೇಕು. 64 ದಾಟಿದರೆ ಮಡಿಕೆ ಉಬ್ಬುತ್ತೆ. ರಟ್ಟು 300 ಜಿಎಸ್‌ಎಂ ಇದ್ದರೆ ನಿಂತು ಬರೆಯೋಕೆ ಆಸರೆ. ಲ್ಯಾಮಿನೇಷನ್ ಹೊರಗಡೆ ಮಾತ್ರ, ಒಳಬದಿಯಲ್ಲಿ ಮಗು ತನ್ನ ಹೆಸರು ಬರೀಬೇಕು.

ಇನ್ನು ‘ಇದ್ದ ಹಾಗೇ’ ಅನ್ನೋದರ ಬಗ್ಗೆ. ಅದನ್ನು ನಾನು ಒಪ್ಪಲ್ಲ. ನೆನಪು ಕೊಳ್ಳುವವರದ್ದು, ಪುಸ್ತಕ ಹಿಡಿದು ಓಡಾಡುವ ಮಗುವಿನದ್ದಲ್ಲ. ಇಂಥವೇ ಆದ ಬ್ರಿಟನ್ನಿನ ಐ-ಸ್ಪೈ ಪುಸ್ತಕಗಳನ್ನೇ ನೋಡಿ. ಪ್ರಕಾಶಕರು ಒಲ್ಲೆ ಅಂದಾಗ ಚಾರ್ಲ್ಸ್ ವಾರೆಲ್ ಅನ್ನೋ ಶಾಲಾ ಮುಖ್ಯೋಪಾಧ್ಯಾಯರು 1948ರಲ್ಲಿ ತಾವೇ ಅಚ್ಚು ಹಾಕಿಸಿದ್ದು. ನಡುವೆ ನಿಂತುಹೋಗಿದ್ದ ಅವನ್ನು 2009ರಲ್ಲಿ ಟೈರು ಕಂಪನಿ ಮಿಷೆಲಿನ್ ಮತ್ತೆ ತಂದಿತು. ಅಷ್ಟು ಕಾಲ ಬಾಳಿದ್ದು ಚಿಕ್ಕ ಅಳತೆ, ಚಿತ್ರ, ಅಂಕ ಅನ್ನೋ ಚೌಕಟ್ಟು. ನೀವೂ ಉಳಿಸಿಕೊಳ್ಳಬೇಕಾದದ್ದು ಅದನ್ನೇ. ಟೆಲಿಫೋನ್ ಬೂತು, ಉಗಿಬಂಡಿ ಇರುವ ಪಟ್ಟಿ ಹಿಡಿದ ಮಗು ಅರ್ಧ ಗಂಟೆ ಹುಡುಕಿ, ಏನೂ ಸಿಗದೆ ಪುಸ್ತಕ ಮುಚ್ಚಿಡುತ್ತೆ. ಹಳೆಯ ಚಿತ್ರಗಳ ಹಕ್ಕೂ ಯಾರದ್ದಾದರೂ ಆಗಿರಬಹುದು. ಹಳೆಯದು ಅಂದ ಮಾತ್ರಕ್ಕೆ ಹಕ್ಕು ಮುಗಿದಿರಲ್ಲ.

ಪಟ್ಟಿಯನ್ನು ಮೇಜಿನ ಮುಂದೆ ಕೂತು ಮಾಡಬೇಡಿ. 100 ಸಂಗತಿ ಬರೆದುಕೊಂಡು, ಒಂದೇ ದಾರಿಯಲ್ಲಿ ಬೇರೆ ಬೇರೆ ಹೊತ್ತಲ್ಲಿ ಐದು ಸಲ ನಡೆಯಿರಿ. ಒಂದು ಸಲ ಮಳೆ ನಿಂತ ಮೇಲೆ. ಐದೂ ಸಲ ಕಂಡದ್ದಕ್ಕೆ 5 ಅಂಕ, ಮೂರು ನಾಲ್ಕು ಸಲ ಕಂಡರೆ 10, ಒಂದೆರಡು ಸಲ ಕಂಡರೆ 20. ಕಾಣದೇ ಹೋದದ್ದನ್ನು ತೆಗೆದುಬಿಡಿ. ಕಾಮನಬಿಲ್ಲಿನಂಥ ಅಪರೂಪದ್ದು ಮೂರು ಮಾತ್ರ ಇಟ್ಟುಕೊಂಡು 50 ಕೊಡಿ. 60 ಸಂಗತಿಯ ಪುಸ್ತಕಕ್ಕೆ ನನ್ನ ಹಂಚಿಕೆ: 5 ಅಂಕದವು 30, 10ರವು 18, 20ರವು 9, 50ರವು 3. ಒಟ್ಟು 660 ಅಂಕ. ಅಪರೂಪದ ಮೂರನ್ನು ಬಿಟ್ಟರೆ 510. ಬಹುಮಾನದ ಗೆರೆಯನ್ನು 400ಕ್ಕೆ ಎಳೆಯಿರಿ. 510ರ ಮೇಲೆ ಎಳೆದರೆ ಕಾಮನಬಿಲ್ಲು ಮೂಡದ ತಪ್ಪಿಗೆ ಮಗು ಸೋಲುತ್ತೆ. ಮೊದಲ ಎರಡು ಪುಟದಲ್ಲಿ ಪೂರ್ತಿ 5 ಅಂಕದವೇ ಇರಲಿ, ಹೊರಟ ಐದು ನಿಮಿಷದಲ್ಲಿ ಎರಡು ಗುರುತಾದರೂ ಬೀಳಬೇಕು.

‘ಹಕ್ಕಿ’ ಅಂತ ಬರೆದರೆ ಮಗು ಕತ್ತೆತ್ತಿ ಒಮ್ಮೆ ನೋಡಿ ಗುರುತು ಹಾಕುತ್ತೆ. ‘ಕೊಕ್ಕಿನಲ್ಲಿ ಕಡ್ಡಿ ಹಿಡಿದ ಹಕ್ಕಿ’ ಅಂದರೆ ನಿಂತು ನೋಡುತ್ತೆ. ಜೇಡರ ಬಲೆಯ ಪಕ್ಕ ಒಂದು ಸಣ್ಣ ಪ್ರಶ್ನೆ ಇಡಿ: ಜೇಡ ನಡುವೆ ಇತ್ತೇ, ಅಂಚಿನಲ್ಲೇ? ಉತ್ತರ ಬರೆಯೋಕೆ ನಿಜವಾಗಿ ನೋಡಲೇಬೇಕು. ಕೀಳಬೇಕಾದದ್ದು, ಮುಟ್ಟಬೇಕಾದದ್ದು, ನೀರಿನ ಅಂಚಿಗೆ ಹೋಗಬೇಕಾದದ್ದು, ರಸ್ತೆ ದಾಟಿಯೇ ನೋಡಬೇಕಾದದ್ದು ಯಾವುದೂ ಬೇಡ. ಕ್ಯೂಆರ್ ಕೋಡೂ ಬೇಡ. ಫೋನ್ ಹೊರಗೆ ಬಂದರೆ ಕಣ್ಣು ಅಲ್ಲೇ ನಿಲ್ಲುತ್ತೆ.

ಮಧ್ಯೆ ‘ವ್ಯತ್ಯಾಸ ಹುಡುಕಿ’ ಹಾಕುವುದಾದರೆ ಬಣ್ಣ ಒಂದರಲ್ಲೇ ಇರುವ ವ್ಯತ್ಯಾಸ ಬೇಡ. ಬಣ್ಣಗುರುಡಿರುವ ಮಗುವಿಗೆ ಅದು ಕಾಣಲ್ಲ, ಅಚ್ಚಿನಲ್ಲಿ ಬಣ್ಣ ಸ್ವಲ್ಪ ಜರುಗಿದರೆ ಯಾರಿಗೂ ಕಾಣಲ್ಲ. ಚುಕ್ಕಿ ಸೇರಿಸುವ ಚಿತ್ರದಲ್ಲಿ ಚುಕ್ಕಿಗಳ ನಡುವೆ ಕನಿಷ್ಠ 5 ಮಿಮೀ ಬಿಡಿ, ಇಲ್ಲದಿದ್ದರೆ ಯಾವ ಅಂಕಿ ಯಾವ ಚುಕ್ಕಿಯದು ಅಂತ ಗೊಂದಲ.

ಮುದ್ರಣಕ್ಕೆ ಕೊಡುವ ಮೊದಲು ಚಿತ್ರಗಳನ್ನು ಡಮ್ಮಿಗೆ ಅಂಟಿಸಿ, 6 ವರ್ಷದ ಒಂದು, 9 ವರ್ಷದ ಒಂದು ಮಗುವಿನ ಕೈಗೆ ಕೊಟ್ಟು, 20 ನಿಮಿಷ ಏನೂ ಹೇಳದೆ ಹಿಂದೆ ನಡೆಯಿರಿ. ‘ಇದೇನು?’ ಅಂತ ಕೇಳಿದ ಚಿತ್ರವನ್ನು ಮತ್ತೆ ಬರೆಸಿ. ಕೇಳದೇ ದಾಟಿ ಹೋದದ್ದನ್ನು ಪಟ್ಟಿಯಿಂದ ತೆಗೆಯಿರಿ.