ದೀಪ ಕೆಳಗಿಳಿಯಲಿ

ಪ್ರಶ್ನೆ: ನನಗೆ 36 ವರ್ಷ. ಬೆಂಗಳೂರಿನಲ್ಲಿ ಚಿಕ್ಕದೊಂದು ಬಾಡಿಗೆ ಮನೆ. ಹೋದ ವರ್ಷ ಊರಿನಲ್ಲಿ ಮಾವನವರು ರಾತ್ರಿ ನಿದ್ದೆಯಲ್ಲೇ ತೀರಿಕೊಂಡರು. ಬೆಳಿಗ್ಗೆ ಎಬ್ಬಿಸಲು ಹೋದಾಗಲೇ ಅತ್ತೆಗೆ ಗೊತ್ತಾದದ್ದು. ಆಮೇಲೆ ಅವರನ್ನು ಇಲ್ಲಿಗೆ ಕರೆತಂದೆವು. ಅತ್ತೆ, ನಾನು, ಆರು ವರ್ಷದ ಮಗಳು ಒಂದೇ ಕೋಣೆಯಲ್ಲಿ ಮಲಗುತ್ತೇವೆ, ಪತಿ ನಡುಮನೆಯಲ್ಲಿ. ಅತ್ತೆಗೆ ರಾತ್ರಿಯಿಡೀ ಬಿಳಿ ಬಲ್ಬ್ ಉರಿಯುತ್ತಲೇ ಇರಬೇಕು. ಒಮ್ಮೆ ಬಚ್ಚಲಿಗೆ ಹೋಗುವಾಗ ಎಡವಿ ಬಿದ್ದಿದ್ದಾರೆ, ಹಾಗಾಗಿ ಬೇಡವೆನ್ನಲೂ ಆಗದು. ಎಂಟು ತಿಂಗಳಿಂದ ನನಗೆ ಸರಿಯಾದ ನಿದ್ದೆಯಿಲ್ಲ. ಕಳೆದ ವಾರ ಅವರು ಮಲಗಿದ ಮೇಲೆ ಮೆಲ್ಲನೆ ಎದ್ದು ಬಲ್ಬ್ ಆರಿಸಿದೆ. ನಡುರಾತ್ರಿ ಅವರು ಕಿರುಚಿಕೊಂಡು ಎದ್ದರು. ಅಂದಿನಿಂದ ನನ್ನೊಡನೆ ಮಾತಿಲ್ಲ. 'ಕಣ್ಣು ಮುಚ್ಚಿದರೆ ಎಲ್ಲವೂ ಕತ್ತಲೆ ತಾನೇ' ಎನ್ನುತ್ತಾರೆ ಪತಿ. ಒಂದು ಬಲ್ಬಿಗಾಗಿ ವಯಸ್ಸಾದವರ ಮೇಲೆ ಹಟ ಸಾಧಿಸುವ ಕೆಟ್ಟ ಸೊಸೆಯೇ ನಾನು?

ಉತ್ತರ: ಅಲ್ಲ. ಎಂಟು ತಿಂಗಳು ನಿದ್ದೆಗೆಟ್ಟೂ ಆ ಕೋಣೆಯನ್ನು ಬಿಟ್ಟುಹೋಗದೆ ಅತ್ತೆಯ ಪಕ್ಕದಲ್ಲೇ ಮಲಗುತ್ತಿರುವವರನ್ನು ಕೆಟ್ಟ ಸೊಸೆ ಎಂದು ನಾನಂತೂ ಕರೆಯಲಾರೆ.

ನಿಮ್ಮ ಪತಿಯ ಮಾತಿಗೆ ಮೊದಲು ಉತ್ತರಿಸುತ್ತೇನೆ. ಕಣ್ಣು ಮುಚ್ಚಿಕೊಂಡು ಬಿಸಿಲಿಗೆ ಮುಖವೊಡ್ಡಿ ನಿಲ್ಲಲು ಅವರಿಗೆ ಹೇಳಿ. ರೆಪ್ಪೆಯೊಳಗೆಲ್ಲ ಕೆಂಪು ಕಾಣುತ್ತದೆ. ರೆಪ್ಪೆ ಎಂಬುದು ತೆಳುವಾದ ಪರದೆ, ಗೋಡೆಯಲ್ಲ. ಕಣ್ಣಿನ ಅಕ್ಷಿಪಟಲದಲ್ಲಿ ನೋಟಕ್ಕೆಂದೇ ಇರುವ ಕೋಶಗಳ ಜೊತೆಗೆ, ಈಗ ಹಗಲೋ ಇರುಳೋ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವ ಬೇರೆ ಕೋಶಗಳೂ ಇವೆ. ಬೆಳಕಿನಲ್ಲಿರುವ ನೀಲಿ ಅಂಶಕ್ಕೆ ಅವು ಬೇಗ ಎಚ್ಚರಗೊಳ್ಳುತ್ತವೆ, ಬಿಳಿ ಎಲ್‌ಇಡಿ ಬಲ್ಬಿನಲ್ಲಿ ಆ ಅಂಶ ಧಾರಾಳವಾಗಿದೆ. ಕತ್ತಲಾದಂತೆ ದೇಹದಲ್ಲಿ ಏರಬೇಕಾದ ಮೆಲಟೋನಿನ್ ಎಂಬ ಹಾರ್ಮೋನು ಆ ಸುದ್ದಿ ಕೇಳಿ ತಡೆದು ನಿಲ್ಲುತ್ತದೆ. 2022ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 20 ಆರೋಗ್ಯವಂತ ಯುವಜನರನ್ನು ಪರೀಕ್ಷಿಸಿದರು. ಸುಮಾರು 100 ಲಕ್ಸ್ ಬೆಳಕಿನಲ್ಲಿ, ಅಂದರೆ ಮಂದವಾಗಿ ದೀಪ ಹಾಕಿದ ಕೋಣೆಯಷ್ಟು ಬೆಳಕಿನಲ್ಲಿ, ಒಂದೇ ರಾತ್ರಿ ಮಲಗಿದವರಿಗೂ ಎದೆಬಡಿತ ಏರಿತ್ತು, ಬೆಳಿಗ್ಗೆ ಇನ್ಸುಲಿನ್ನಿಗೆ ದೇಹ ಸ್ಪಂದಿಸುವುದು ತಗ್ಗಿತ್ತು. ಚಿಕ್ಕ ಅಧ್ಯಯನ, ನಿಜ. ಆದರೆ ನಿಮ್ಮ ದಣಿವು ನಿಮ್ಮ ಕಲ್ಪನೆಯಲ್ಲ ಎನ್ನಲು ನನಗೆ ಅಷ್ಟು ಸಾಕು. ನಿಮ್ಮ ಮಗಳ ಬಗ್ಗೆಯೂ ಯೋಚಿಸಿ. ಸಂಜೆಯ ಬೆಳಕು ದೊಡ್ಡವರಿಗಿಂತ ಮಕ್ಕಳನ್ನು ಹೆಚ್ಚು ತಟ್ಟುತ್ತದೆ.

ಇನ್ನು ನಿಮ್ಮ ಪತ್ರದ ಒಂದು ಸಾಲು. 'ಬೆಳಿಗ್ಗೆ ಎಬ್ಬಿಸಲು ಹೋದಾಗಲೇ ಅತ್ತೆಗೆ ಗೊತ್ತಾದದ್ದು.' ನೀವು ಅದನ್ನು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನಾನು ಅಲ್ಲೇ ನಿಂತೆ. ಪಕ್ಕದಲ್ಲೇ ಮಲಗಿದ್ದವರು ಕತ್ತಲಲ್ಲಿ ಹೊರಟುಹೋದರು, ತನಗೆ ತಿಳಿಯಲೇ ಇಲ್ಲ ಎಂಬ ಸಂಕಟ ಅವರನ್ನು ಇನ್ನೂ ಬಿಟ್ಟಿಲ್ಲವೇನೋ. ಆ ಬಲ್ಬ್ ಅವರಿಗೆ ಬಚ್ಚಲಿನ ದಾರಿಗಷ್ಟೇ ಅಲ್ಲ, ಸೊಸೆ ಮೊಮ್ಮಗಳು ಉಸಿರಾಡುತ್ತಿರುವುದನ್ನು ನೋಡಿಕೊಳ್ಳಲೂ ಬೇಕಾಗಿರಬಹುದು. ಸಾವಿನ ಮನೆಯಲ್ಲಿ ದಿನಗಟ್ಟಲೆ ದೀಪ ಕಾಯುವ ಜನ ನಾವು. ಅವರ ವಯಸ್ಸಿನವರು ದೀಪ ಆರಿಸು ಎಂಬ ಮಾತನ್ನೇ ಆಡುವುದಿಲ್ಲ, ದೀಪ ದೊಡ್ಡದು ಮಾಡು ಎನ್ನುತ್ತಾರೆ. ಅಂಥವರು ಮಲಗಿದ್ದಾಗ, ಹೇಳದೆ ಕೇಳದೆ ಬೆಳಕು ಹೋಯಿತು. ನೀವು ತಪ್ಪೆಸಗಿದ್ದು ಅಲ್ಲಿ ಮಾತ್ರ. ಅದಕ್ಕೆ ಕ್ಷಮೆ ಕೇಳಿ. ಕೇಳುವಾಗ ನಿಮ್ಮ ನಿದ್ದೆಯ ಮಾತು ತೆಗೆಯಬೇಡಿ. 'ಅತ್ತೆ, ಅವತ್ತು ಎಚ್ಚರವಾದಾಗ ಏನೆನ್ನಿಸಿತು?' ಎಂದು ಕೇಳಿ, ಅವರು ಹೇಳುವಷ್ಟನ್ನೂ ಕೇಳಿಸಿಕೊಳ್ಳಿ. ಬಲ್ಬಿನ ವಿಷಯ ಮರುದಿನಕ್ಕಿರಲಿ.

ಮರುದಿನವೂ ಬೆಳಕು ಬೇಡವೆನ್ನಬೇಡಿ, ಅದು ಚಾವಣಿಯಿಂದ ನೆಲಕ್ಕಿಳಿಯಲಿ ಎನ್ನಿ. ನೆತ್ತಿಯ ಮೇಲಿನ ಬಿಳಿ ಬಲ್ಬಿನ ಬದಲು, ಅತ್ತೆಯ ಮಂಚದ ಕಾಲಿನ ಹತ್ತಿರದ ಪ್ಲಗ್ಗಿಗೆ ಅರ್ಧ ವ್ಯಾಟ್‌ನ ಅರಿಸಿನ ಅಥವಾ ಕೇಸರಿ ಬಣ್ಣದ ಚಿಕ್ಕ ದೀಪ ಹಾಕಿ. ಬಚ್ಚಲಿನ ಹೊಸ್ತಿಲಲ್ಲಿ ಅಂಥದೇ ಇನ್ನೊಂದು. ಎಡವುವುದು ಕಾಲು, ಹಾಗಾಗಿ ಬೆಳಕು ಬೀಳಬೇಕಾದದ್ದು ನೆಲದ ಮೇಲೆ. ಮೊದಲು ನಮ್ಮ ಮನೆಗಳಲ್ಲಿ ಜೀರೋ ಬಲ್ಬ್ ಇರುತ್ತಿತ್ತು. ಹೆಸರಿಗೆ ಜೀರೋ, ಉರಿಯುತ್ತಿದ್ದುದು 12ರಿಂದ 15 ವ್ಯಾಟ್. ಈಗ ಅಂಗಡಿಗಳಲ್ಲಿ ನೀಲಿ ಬಣ್ಣದ ರಾತ್ರಿದೀಪಗಳೂ ಸಿಗುತ್ತವೆ. ನೋಡಲು ತಂಪೆನ್ನಿಸಿದರೂ ಕೊಳ್ಳಬೇಡಿ, ನಿದ್ದೆಗೆ ಅದೇ ಕೇಡು. ಮೊದಲ ನಾಲ್ಕೈದು ರಾತ್ರಿ ಹೊಸ ದೀಪದ ಜೊತೆಗೆ ಹಳೆಯ ಬಲ್ಬೂ ಉರಿಯಲಿ. ಆರಿಸುವ ದಿನ ಸ್ವಿಚ್ಚಿನ ಮೇಲಿನ ಕೈ ಅತ್ತೆಯದೇ ಆಗಿರಲಿ. ದಿಂಬಿನ ಪಕ್ಕ ಒಂದು ಟಾರ್ಚ್ ಇಟ್ಟುಕೊಡಿ. ಚಿಕ್ಕ ದೀಪ ಎಲ್ಲಿಟ್ಟರೆ ಮೊಮ್ಮಗಳ ಹೊದಿಕೆ ಕಾಣುತ್ತದೆ ಎಂದು ಅವರನ್ನೇ ಕೇಳಿ, ಅಲ್ಲೇ ಇಡಿ.

ಕಿಟಕಿಯಿಂದ ಬೀದಿದೀಪದ ಬೆಳಕು ಬೀಳುತ್ತಿದ್ದರೆ ಹಳೆಯ ದಪ್ಪ ಬೆಡ್‌ಶೀಟ್ ಇಳಿಬಿಟ್ಟರೂ ಸಾಕು. ಬೆಳಿಗ್ಗೆ ಅತ್ತೆಯನ್ನು ಅರ್ಧ ಗಂಟೆ ತಾರಸಿಗೋ ರಸ್ತೆಗೋ ಕರೆದೊಯ್ಯಿರಿ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ಒಳಗೆ ಹೋಗುವ ಬೆಳಕು ಕಡಿಮೆಯಾಗುತ್ತದೆ. ಹಗಲೆಲ್ಲ ಮನೆಯೊಳಗೇ ಕುಳಿತವರ ದೇಹಕ್ಕೆ ಹಗಲು ಯಾವುದು, ರಾತ್ರಿ ಯಾವುದು ಎಂಬ ಗುರುತೇ ಮಸುಕಾಗುತ್ತದೆ. ಪೊರೆ ಬಂದಿದೆಯೇ ಎಂದು ಕಣ್ಣಿನ ವೈದ್ಯರಲ್ಲಿ ತೋರಿಸಿ. ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುತ್ತಿದ್ದರೆ ಸಕ್ಕರೆ ಮತ್ತು ಅವರು ನುಂಗುವ ಮಾತ್ರೆಗಳ ಬಗ್ಗೆಯೂ ವೈದ್ಯರನ್ನು ಕೇಳಿ. ದುಃಖ ಹಗಲಲ್ಲೂ ಅವರನ್ನು ಹಿಂಡುತ್ತಿದೆ, ಊಟ ಸೇರುತ್ತಿಲ್ಲ ಎಂದಾದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದಿನದ 24 ಗಂಟೆಯೂ ಉಚಿತ. ಕನ್ನಡದಲ್ಲೇ ಮಾತಾಡಬಹುದು.

ಒಂದು ವಿಷಯದಲ್ಲಿ ಮಾತ್ರ ನನಗೆ ನಿಜವಾಗಿ ಕೋಪ ಬಂತು. ತಾಯಿಯ ಭಯವನ್ನು ಕಾಯುವ ಕೆಲಸವೆಲ್ಲ ಸೊಸೆಯ ಪಾಲಿಗೆ, ಮಗನಿಗೆ ಕತ್ತಲೆಯ ನಡುಮನೆ. ಇದು ಹೀಗೇ ನಡೆಯಬಾರದು. ದೀಪ ತರುವ ಕೆಲಸವನ್ನು ನಿಮ್ಮ ಪತಿಗೇ ವಹಿಸಿ. ಅರ್ಧ ವ್ಯಾಟ್, ಅರಿಸಿನ ಬಣ್ಣ, ನೀಲಿ ಬೇಡ ಎಂದು ಚೀಟಿ ಬರೆದುಕೊಡಿ. ಶನಿವಾರ ರಾತ್ರಿ ಅತ್ತೆಯ ಪಕ್ಕ ಅವರು ಮಲಗಲಿ. ನೀವು ನಡುಮನೆಯಲ್ಲಿ ಹಾಸಿಕೊಂಡು ಬೆಳಗಾಗುವವರೆಗೆ ನಿದ್ದೆಮಾಡಿ.